ಪ್ರೊಪೊಲಿಸ್ ಹನಿ ಕುಡಿದು ಕೊಲೆಸ್ಟ್ರಾಲ್ ಮಾತ್ರೆ ಬಿಡುವ ಮೊದಲು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರೊಪೊಲಿಸ್ ಬಗ್ಗೆ ಬಂದ ಬರಹ ಓದಿದೆ. ಜೇನುಗೂಡಿನ ಈ ಅಂಟು ಕೊಲೆಸ್ಟ್ರಾಲ್ ಇಳಿಸುತ್ತದೆ, ಶುಗರ್ ಹತೋಟಿಗೆ ತರುತ್ತದೆ, ಬೊಜ್ಜು ಕರಗಿಸುತ್ತದೆ ಅಂತೆಲ್ಲ ಇತ್ತು. ಅದೇ ಪುಟದ ಕೆಳಗೆ ಪ್ರೊಪೊಲಿಸ್ ಹನಿಯ ಜಾಹೀರಾತು ಕೂಡ ಇತ್ತು. ಎರಡೂ ಒಂದೇ ಪುಟದಲ್ಲಿ ಬಂದದ್ದು ಕಾಕತಾಳೀಯವೇ ಇರಬಹುದು, ಅದರ ಬಗ್ಗೆ ನಾನು ತಕರಾರು ಮಾಡುವುದಿಲ್ಲ. ನನ್ನ ತಕರಾರು ಬೇರೆ.

ನಾನು ಪುತ್ತೂರು ಕಡೆಯ ಜೇನು ಕೃಷಿಕ. ಅಡಿಕೆ ತೋಟದ ಮಧ್ಯೆ ನಮ್ಮ ನಾಡಿನ ಜೇನಾದ ತುಡುವೆಯ ಪೆಟ್ಟಿಗೆಗಳಿವೆ, ಮನೆಯ ಜಗಲಿ ಬದಿಯಲ್ಲಿ ಕುಟುಕದ ಸಣ್ಣ ಜೇನಾದ ಮುಜಂಟಿಯ ಗೂಡುಗಳಿವೆ. ಜೇನು ಮಾರಿಯೇ ಸ್ವಲ್ಪ ಸಂಪಾದನೆ. ಹಾಗಾಗಿ ಜೇನಿನ ಉತ್ಪನ್ನ ಒಳ್ಳೆಯದು ಅಂತ ಪೇಪರಲ್ಲಿ ಬಂದರೆ ನನಗೆ ಲಾಭವೇ ಹೊರತು ನಷ್ಟ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಜಾಹೀರಾತಿನಲ್ಲಿ ಒಂದು ಸಾಲಿತ್ತು: ‘ಅಪ್ಪಟ ಮಲೆನಾಡಿನ ತುಡುವೆ ಜೇನಿನ ಪ್ರೊಪೊಲಿಸ್.’

ತುಡುವೆ ಸಾಕಿದವರು ಯಾರಾದರೂ ಈ ಸಾಲು ಓದಿದರೆ ನಗುತ್ತಾರೆ. ತುಡುವೆ ಜೇನು ಪ್ರೊಪೊಲಿಸ್ ಸಂಗ್ರಹಿಸುವುದೇ ಇಲ್ಲ ಅನ್ನುವಷ್ಟು ಕಡಿಮೆ. ತುಡುವೆ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿ, ಸಲೀಸಾಗಿ ಬರುತ್ತದೆ. ಚೌಕಟ್ಟು ಎರಡು ಬೆರಳಲ್ಲಿ ಹಿಡಿದು ಎತ್ತಿದರೆ ಸಾಕು. ಅಲ್ಲಿ ಇಲ್ಲಿ ಮೇಣ ಅಂಟಿಕೊಂಡಿರುತ್ತದೆ, ಅಷ್ಟೇ. ನಾವು ‘ಇಟಾಲಿಯನ್’ ಅಂತ ಕರೆಯುವ ಮೆಲ್ಲಿಫೆರಾ ಜಾತಿಯ ಜೇನಿನ ಪೆಟ್ಟಿಗೆ ಹಾಗಲ್ಲ. ಅದರ ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ತೂರಿಸಿ ಮೀಟಿದಾಗ ‘ಟಕ್’ ಅಂತ ಸದ್ದು ಬರುತ್ತದಲ್ಲ, ಅದು ಪ್ರೊಪೊಲಿಸ್ ಬಿಟ್ಟುಕೊಂಡ ಸದ್ದು. ಚೌಕಟ್ಟುಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬಿಸಿಲಿನ ದಿನ ಆದರೆ ಎಳೆ ಎಳೆಯಾಗಿ ಕೈಗೆ ಮೆತ್ತುತ್ತದೆ, ಚಳಿಯಲ್ಲಿ ಗಾಜಿನ ಚೂರಿನಂತೆ ಸಿಡಿಯುತ್ತದೆ. ಬೆರಳು ಕಂದು ಬಣ್ಣ ಆದರೆ ಸೋಪಿಗೆ ಹೋಗುವುದಿಲ್ಲ, ಸ್ಪಿರಿಟ್ ಹಾಕಿ ಉಜ್ಜಬೇಕು. ಮುಜಂಟಿಯದ್ದಂತೂ ಇಡೀ ಗೂಡೇ ಅಂಟು ಮತ್ತು ಮೇಣ ಕಲಸಿದ ಸಾಮಾನಿನದು. ಜೇನು ಇಡುವ ಗುಂಡಗಿನ ಕುಡಿಕೆಗಳಿಂದ ಹಿಡಿದು ಬಾಗಿಲಿನ ಕೊಳವೆವರೆಗೆ ಎಲ್ಲವೂ ಅದರದ್ದೇ. ಆ ಕೊಳವೆಯ ತುದಿಗೆ ಹಸಿ ಅಂಟು ಸವರಿ ಇಟ್ಟಿರುತ್ತದೆ, ಇರುವೆ ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅಂದರೆ ಬಾಟಲಿಯೊಳಗೆ ಇರುವುದು ತುಡುವೆಯದ್ದಲ್ಲ. ಒಂದೋ ಉತ್ತರ ಭಾರತದ ಮೆಲ್ಲಿಫೆರಾ ಪೆಟ್ಟಿಗೆಯದ್ದು, ಅಥವಾ ಹೊರದೇಶದಿಂದ ಬಂದದ್ದು, ಅಥವಾ ಮುಜಂಟಿಯದ್ದು, ಇಲ್ಲವೇ ಪ್ರೊಪೊಲಿಸ್ಸೇ ಅಲ್ಲ. ಇದು ಸುಮ್ನೆ ಹೆಸರಿನ ಜಗಳ ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಪ್ರೊಪೊಲಿಸ್ ಅನ್ನುವುದು ಜೇನುಹುಳ ತಾನೇ ತಯಾರಿಸುವ ವಸ್ತು ಅಲ್ಲ. ಮೇಣವನ್ನು ಹುಳ ತನ್ನ ಮೈಯಿಂದ ತೆಗೆಯುತ್ತದೆ. ಪ್ರೊಪೊಲಿಸ್ ಹಾಗಲ್ಲ, ಅದು ಮರದ್ದು. ಚಿಗುರು, ಮೊಗ್ಗು, ತೊಗಟೆ ಗಾಯದಿಂದ ಒಸರುವ ಅಂಟನ್ನು ಕೆರೆದು, ಪರಾಗ ತರುವ ಹಾಗೆ ಹಿಂಗಾಲಿನ ಬುಟ್ಟಿಯಲ್ಲಿ ಹೊತ್ತು ತಂದು, ಮೇಣದ ಜೊತೆ ಕಲಸಿ ಗೂಡಿನ ಬಿರುಕು ಮುಚ್ಚುತ್ತವೆ. ಸಾಮಾನ್ಯವಾಗಿ ಅರ್ಧದಷ್ಟು ಮರದ ಅಂಟು, ಮೂರನೇ ಒಂದು ಪಾಲು ಮೇಣ, ಉಳಿದದ್ದು ಪರಿಮಳದ ಎಣ್ಣೆ, ಪರಾಗ ಇತ್ಯಾದಿ. ಗೂಡಿನೊಳಗೆ ಇಲಿ ನುಗ್ಗಿ ಸತ್ತರೆ ಹುಳಗಳಿಗೆ ಅದನ್ನು ಹೊರಗೆ ಎಳೆದು ಹಾಕಲು ಆಗುವುದಿಲ್ಲವಲ್ಲ, ಆಗ ಅದರ ಮೇಲೆ ಪೂರ್ತಿ ಪ್ರೊಪೊಲಿಸ್ ಮೆತ್ತಿ ಬಿಡುತ್ತವೆ. ಕೊಳೆಯುವುದಿಲ್ಲ, ನಾರುವುದಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರದ ವಿರುದ್ಧ ಇದಕ್ಕೆ ಶಕ್ತಿ ಇದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಈಗ ಮರ ಬದಲಾದರೆ ಏನಾಗುತ್ತದೆ? ಎಲ್ಲವೂ ಬದಲಾಗುತ್ತದೆ. ಯುರೋಪಿನಲ್ಲಿ ಹುಳಗಳು ಪಾಪ್ಲರ್ ಮರದ ಮೊಗ್ಗಿಗೆ ಹೋಗುತ್ತವೆ. ಆ ಪ್ರೊಪೊಲಿಸ್‌ನಲ್ಲಿ ಪಿನೊಸೆಂಬ್ರಿನ್, ಕ್ರೈಸಿನ್, ಗ್ಯಾಲಂಜಿನ್, ವಿಜ್ಞಾನಿಗಳು ‘ಕೇಪ್’ ಅಂತ ಚಿಕ್ಕದಾಗಿ ಕರೆಯುವ ಒಂದು ವಸ್ತು ಇವೆಲ್ಲ ಜಾಸ್ತಿ. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬರುವುದು ಬ್ಯಾಕರಿಸ್ ಅನ್ನುವ ಪೊದೆ ಗಿಡದಿಂದ, ಅದರಲ್ಲಿ ಮುಖ್ಯವಾದದ್ದು ಆರ್ಟೆಪಿಲಿನ್ ಸಿ. ಅದೇ ಬ್ರೆಜಿಲ್‌ನ ಕರಾವಳಿಯ ಕೆಂಪು ಪ್ರೊಪೊಲಿಸ್ ನಮ್ಮ ಬೀಟೆ ಮರದ ಜಾತಿಗೆ ಸೇರಿದ ಡಾಲ್ಬರ್ಜಿಯಾ ಗಿಡದ್ದು. ಅದರ ರಸಾಯನ ಇನ್ನೊಂದು ಥರ. ಕ್ಯೂಬಾದ್ದು ಕ್ಲೂಸಿಯಾ ಹೂವಿನ ಅಂಟು. ನಮ್ಮ ಪಂಜಾಬ್, ಹರಿಯಾಣದ ಕಡೆ ಪಾಪ್ಲರ್ ನೆಟ್ಟಿದ್ದಾರೆ, ಅಲ್ಲಿಯದ್ದು ಸ್ವಲ್ಪ ಯುರೋಪಿನದ್ದಕ್ಕೆ ಹತ್ತಿರ ಇರಬಹುದು. ನನ್ನ ಜಗಲಿಯ ಮುಜಂಟಿ ಹೊತ್ತು ತರುವುದು ಹಲಸು, ಮಾವು, ಧೂಪದಂಥ ಮರಗಳ ಅಂಟು. ಇಷ್ಟೂ ವಸ್ತುಗಳಿಗೆ ಒಂದೇ ಹೆಸರು ಇಟ್ಟು, ಅದರ ಮೇಲೆ ‘ಪ್ರೊಪೊಲಿಸ್ ಕೊಲೆಸ್ಟ್ರಾಲ್ ಇಳಿಸುತ್ತದೆ’ ಅಂತ ಬರೆದರೆ ಅದು ‘ಕಷಾಯ ಕುಡಿದರೆ ಕಾಯಿಲೆ ಹೋಗುತ್ತದೆ’ ಅಂದ ಹಾಗಾಯಿತು. ಯಾವ ಕಷಾಯ? ಯಾವ ಕಾಯಿಲೆ?

ಹಾಗಂತ ಸಂಶೋಧನೆಯೇ ಇಲ್ಲ ಅಂತ ಹೇಳುತ್ತಿಲ್ಲ. ಇದೆ, ಕೆಲವು ಚೆನ್ನಾಗಿಯೂ ಇವೆ. ನಿಮ್ಮ ಲೇಖಕರು ಹೆಸರು, ಊರು ಏನೂ ಹೇಳದೆ ‘ವಿದೇಶಿ ಅಧ್ಯಯನಗಳ ಪ್ರಕಾರ’ ಅಂತ ಮುಗಿಸಿಬಿಟ್ಟರು, ಅದಕ್ಕೇ ನಾನೇ ಹೇಳುತ್ತೇನೆ. ಚಿಲಿ ದೇಶದಲ್ಲಿ 67 ಜನರ ಮೇಲೆ ಒಂದು ಪರೀಕ್ಷೆ ನಡೆದು 2017ರಲ್ಲಿ ಪ್ರಕಟ ಆಯಿತು. 35 ಜನರಿಗೆ ಪ್ರೊಪೊಲಿಸ್ ಹನಿ, 32 ಜನರಿಗೆ ಅದೇ ಥರ ಕಾಣುವ, ಪ್ರೊಪೊಲಿಸ್ ಇಲ್ಲದ ಹನಿ, 90 ದಿನ. ಪ್ರೊಪೊಲಿಸ್ ತೆಗೆದುಕೊಂಡವರ ಎಚ್‌ಡಿಎಲ್, ಅಂದರೆ ‘ಒಳ್ಳೆಯ ಕೊಲೆಸ್ಟ್ರಾಲ್’, ಸರಾಸರಿ 53.9ರಿಂದ 65.8ಕ್ಕೆ ಏರಿತು. ಇರಾನಿನಲ್ಲಿ 94 ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ 1000 ಮಿಲಿಗ್ರಾಂ ಹಾಗೆ 90 ದಿನ ಕೊಟ್ಟ ಇನ್ನೊಂದು ಪರೀಕ್ಷೆ 2019ರಲ್ಲಿ ಬಂತು. ಅದರಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್, ಇಳಿಯಿತು, ಇನ್ಸುಲಿನ್ ಪ್ರತಿರೋಧ ಕಡಿಮೆ ಆಯಿತು, ಎಚ್‌ಡಿಎಲ್ ಏರಿತು. ಓದಿದರೆ ಖುಷಿ ಆಗುತ್ತದೆ.

ಆದರೆ ಜಪಾನಿನವರೂ ಮಾಡಿದ್ದಾರೆ. 80 ಸಕ್ಕರೆ ಕಾಯಿಲೆಯವರು, ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್, ದಿನಕ್ಕೆ 226.8 ಮಿಲಿಗ್ರಾಂ, 8 ವಾರ. ಎಚ್‌ಬಿಎ1ಸಿ ಸುಧಾರಿಸಲಿಲ್ಲ. ಪ್ರೊಪೊಲಿಸ್ ಇಲ್ಲದ ಮಾತ್ರೆ ತಿಂದವರ ಯೂರಿಕ್ ಆಸಿಡ್, ಕಿಡ್ನಿ ಸೋಸುವ ಲೆಕ್ಕ ಸ್ವಲ್ಪ ಕೆಟ್ಟಿತು, ಪ್ರೊಪೊಲಿಸ್ ತಿಂದವರದ್ದು ಹಾಗಾಗಲಿಲ್ಲ, ಅಷ್ಟೇ. ಚೀನಾದಲ್ಲಿ ದಿನಕ್ಕೆ 900 ಮಿಲಿಗ್ರಾಂ ಹಾಗೆ 18 ವಾರ ಕೊಟ್ಟು ನೋಡಿದರು. ಉಪವಾಸದ ಶುಗರ್, ಎಚ್‌ಬಿಎ1ಸಿ ಎರಡರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬೇರೆ ಬೇರೆ ದೇಶ, ಬೇರೆ ಮರ, ಬೇರೆ ಪ್ರಮಾಣ, ಫಲಿತಾಂಶವೂ ಬೇರೆ. ಇದರಲ್ಲಿ ಆಶ್ಚರ್ಯ ಏನಿದೆ? ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ, ರಕ್ತನಾಳದ ಜಿಡ್ಡು ಕಡಿಮೆ ಆದದ್ದೂ ಇದೆ. ಆದರೆ ಇಲಿಯಲ್ಲಿ ಗೆದ್ದ ಎಷ್ಟೋ ವಸ್ತುಗಳು ಮನುಷ್ಯರ ಹತ್ತಿರ ಬಂದಾಗ ಸೋತಿವೆ. ಹೃದಯಾಘಾತ ಕಡಿಮೆ ಆಗುತ್ತದಾ ಅಂತ ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿದ ಪ್ರೊಪೊಲಿಸ್ ಪರೀಕ್ಷೆಯನ್ನು ನಿಮ್ಮ ಲೇಖಕರೂ ತೋರಿಸಿಲ್ಲ, ಜಾಹೀರಾತಿನವರೂ ತೋರಿಸಿಲ್ಲ. ನಮಗೆ ಬೇಕಾಗಿರುವುದು ಅದು ತಾನೇ? ರಿಪೋರ್ಟಿನ ಅಂಕಿಗಾಗಿ ಯಾರೂ ಮಾತ್ರೆ ತಿನ್ನುವುದಿಲ್ಲ.

ಎಚ್‌ಡಿಎಲ್ ಏರಿದರೆ ಒಳ್ಳೆಯದೇ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಕೇಳಿದ್ದೆ, ಮಂಗಳೂರಿನಲ್ಲಿ ಓದುತ್ತಿರುವ ನಮ್ಮ ಅಣ್ಣನ ಮಗಳು ಟಾರ್ಸೆಟ್ರಾಪಿಬ್ ಕಥೆ ಹೇಳಿದಳು. ದೊಡ್ಡ ಕಂಪನಿಯೊಂದು ಮಾಡಿದ ಮಾತ್ರೆ ಅದು. ಎಚ್‌ಡಿಎಲ್ ಅನ್ನು ಸುಮಾರು ಶೇ 70ರಷ್ಟು ಏರಿಸುತ್ತಿತ್ತು. 15 ಸಾವಿರ ಜನರ ಮೇಲೆ ಪರೀಕ್ಷೆ ಶುರು ಮಾಡಿದರು. ಅಂಕಿ ನೋಡಿದರೆ ಎಲ್ಲ ಚೆನ್ನ. ಆದರೆ ಮಾತ್ರೆ ತಿಂದವರಲ್ಲೇ ಸಾವು ಜಾಸ್ತಿ ಆಗುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನಯಾಸಿನ್ ಅನ್ನುವ ವಿಟಮಿನ್ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದರು. ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಕೊಡುವ ಸ್ಟಾಟಿನ್ ಮಾತ್ರೆಯ ಮೇಲೆ ಅದನ್ನು ಸೇರಿಸಿದರೂ ಹೃದಯಕ್ಕೆ ಹೆಚ್ಚಿನ ಲಾಭ ಆಗಲಿಲ್ಲ. ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಅಪಾಯ ಜಾಸ್ತಿ ಅನ್ನುವುದು ಹೌದು, ಆದರೆ ಅದನ್ನು ಹೇಗಾದರೂ ಮಾಡಿ ಏರಿಸಿದರೆ ಅಪಾಯ ಇಳಿಯುತ್ತದೆ ಅನ್ನುವುದು ಬೇರೆಯೇ ಮಾತು. ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’ ವಿಷಯದಲ್ಲಿ ಹಾಗಲ್ಲ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಐದರಲ್ಲಿ ಒಂದು ಪಾಲು ಕಡಿಮೆ ಆಗುತ್ತವೆ ಅಂತ ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಕೂಡಿಸಿ ತೋರಿಸಿದ್ದಾರೆ. ಹಾಗಾಗಿ ಯಾರಾದರೂ ‘ಕೊಲೆಸ್ಟ್ರಾಲ್‌ಗೆ ಒಳ್ಳೆಯದು’ ಅಂದರೆ ಯಾವ ಕೊಲೆಸ್ಟ್ರಾಲ್ ಅಂತ ಮೊದಲು ಕೇಳಬೇಕು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣ ನಮ್ಮ ಭಾವ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ರಾತ್ರಿ ಒಂದು ಅಟೊರ್ವಸ್ಟಾಟಿನ್ ಮಾತ್ರೆ ತಪ್ಪದೆ ತಿನ್ನುತ್ತಿದ್ದರು. ಒಂದು ಮೇಳದ ಮಳಿಗೆಯಲ್ಲಿ ಯಾರೋ ಚೆನ್ನಾಗಿ ಮಾತಾಡುವ ಹುಡುಗ ಪ್ರೊಪೊಲಿಸ್ ಬಾಟಲಿ ಕೊಟ್ಟ. ‘ಅಣ್ಣಾ, ಆ ಕೆಮಿಕಲ್ ಎಷ್ಟು ದಿನ ತಿಂತೀರಿ, ಲಿವರ್ ಹೋಗ್ತದೆ’ ಅಂದನಂತೆ. ಭಾವನಿಗೆ ಮೊದಲೇ ಕಾಲು ನೋವು, ಅದು ಮಾತ್ರೆಯಿಂದಲೇ ಅಂತ ಗುಮಾನಿ. ಮಾತ್ರೆ ಬಿಟ್ಟರು, ಹನಿ ಹಿಡಿದರು. ಮನೆಯಲ್ಲಿ ಅಕ್ಕನಿಗೂ ಹೇಳಲಿಲ್ಲ.

ಮಳೆಗಾಲ ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ ರಿಪೋರ್ಟ್ ಹಿಡಿದುಕೊಂಡು ನಮ್ಮಲ್ಲಿಗೇ ಬಂದರು. ‘ನೋಡು ಮಾರಾಯ, ಒಳ್ಳೆಯ ಕೊಲೆಸ್ಟ್ರಾಲ್ ಏರಿದೆ’ ಅಂತ ಎಚ್‌ಡಿಎಲ್ ಸಾಲಿಗೆ ಬೆರಳಿಟ್ಟು ತೋರಿಸಿದರು. ಹೌದು, 40 ಇದ್ದದ್ದು 42 ಆಗಿತ್ತು. ಅವರ ಹಳೆಯ ರಿಪೋರ್ಟನ್ನೂ ತರಿಸಿ ಪಕ್ಕಪಕ್ಕ ಇಟ್ಟೆ. ಮಾತ್ರೆ ತಿನ್ನುತ್ತಿದ್ದಾಗ ಒಟ್ಟು ಕೊಲೆಸ್ಟ್ರಾಲ್ 140, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 160. ಈಗ ಒಟ್ಟು 218, ಟ್ರೈಗ್ಲಿಸರೈಡ್ 175. ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಒಂದು ಸಣ್ಣ ಲೆಕ್ಕ ಹಾಕುತ್ತವೆ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಕಳೆಯಬೇಕು, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಬೇಕು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ, ಇಲ್ಲದಿದ್ದರೆ ಅಡ್ಡಿಯಿಲ್ಲ. ಹಳೆಯದು 140ರಲ್ಲಿ 40 ಹೋಗಿ, 32 ಹೋಗಿ 68. ಹೊಸದು 218ರಲ್ಲಿ 42 ಹೋಗಿ, 35 ಹೋಗಿ 141. ಪೇಪರಿನ ಅಂಚಿನಲ್ಲೇ ಬರೆದು ತೋರಿಸಿದೆ. ಭಾವ ಮಾತಾಡಲಿಲ್ಲ.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಸೂಚನೆ ಪ್ರಕಾರ ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ರ ಕೆಳಗೆ, ಅಪಾಯ ಜಾಸ್ತಿ ಇರುವವರಿಗೆ 70ರ ಕೆಳಗೆ, ಈಗಾಗಲೇ ಹೃದಯದ ತೊಂದರೆ ಬಂದವರಂಥ ತೀರಾ ಅಪಾಯದವರಿಗೆ 55ರ ಕೆಳಗೆ ಇರಬೇಕು. ಭಾವ 68ರಲ್ಲಿದ್ದಾಗಲೇ ಇನ್ನೂ ಇಳಿಯಬೇಕಿತ್ತು. ಅಲ್ಲಿಂದ 141. ಇದು ಪ್ರೊಪೊಲಿಸ್ ಮಾಡಿದ ಕೆಡುಕಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪಾಪ, ಅಂಟು ಏನೂ ಮಾಡಲಿಲ್ಲ. ಮಾತ್ರೆ ಬಿಟ್ಟದ್ದರಿಂದ ಆದದ್ದು. ಸ್ಟಾಟಿನ್ ನಿಲ್ಲಿಸಿದರೆ ಕೆಲವೇ ವಾರದಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ವಾಪಸ್ ಬರುತ್ತದೆ. ಪೇಪರಲ್ಲಿ ಇಂಥ ಬರಹ ಬಂದಾಗ ನನಗೆ ಹೆದರಿಕೆ ಆಗುವುದು ಇದಕ್ಕೇ. ಜನ ಪ್ರೊಪೊಲಿಸ್ ತಿಂದರೆ ಹಾಳಾಗುವುದು ದುಡ್ಡು, ಅದರ ಜೊತೆ ಮಾತ್ರೆ ಬಿಟ್ಟರೆ ಹಾಳಾಗುವುದು ಬೇರೆ.

ಕಾಲು ನೋವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಮಾತ್ರೆ ಬಿಟ್ಟವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಅದನ್ನೇ. ಸ್ಟಾಟಿನ್‌ನಿಂದ ಕೆಲವರಿಗೆ ನಿಜವಾಗಿಯೂ ಸ್ನಾಯು ನೋವು ಬರುತ್ತದೆ, ಅದು ಸುಳ್ಳಲ್ಲ. ಆದರೆ ಇಂಗ್ಲೆಂಡಿನಲ್ಲಿ ಒಂದು ಚೆಂದದ ಪರೀಕ್ಷೆ ಮಾಡಿದರು, 2020ರಲ್ಲಿ ಪ್ರಕಟ ಆಯಿತು. ತೊಂದರೆ ಕೊಟ್ಟಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನ. ಒಂದು ವರ್ಷ, ತಿಂಗಳಿಗೊಂದು ಬಾಟಲಿ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಏನೂ ಇಲ್ಲದ ಮಾತ್ರೆ, ನಾಲ್ಕು ಖಾಲಿ ಬಾಟಲಿ. ಮಾತ್ರೆ ಇದ್ದ ಬಾಟಲಿಗಳಲ್ಲಿ ಯಾವುದು ಸ್ಟಾಟಿನ್ ಅಂತ ಅವರಿಗೆ ಗೊತ್ತಿಲ್ಲ. ದಿನಾ ತಮ್ಮ ನೋವಿಗೆ ಅಂಕ ಕೊಡಬೇಕು. ಸ್ಟಾಟಿನ್ ತಿಂಗಳಲ್ಲಿ ಬಂದ ತೊಂದರೆಯ ಶೇ 90ರಷ್ಟು, ಏನೂ ಇಲ್ಲದ ಮಾತ್ರೆಯ ತಿಂಗಳಲ್ಲೂ ಬಂತು! ನೋವು ಸುಳ್ಳಲ್ಲ, ಅದಕ್ಕೆ ಕಾರಣ ಮಾತ್ರ ಬೇರೆ. ಹಾಗಾಗಿ ನೋವು ಅಂತಾದರೆ ಡಾಕ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಬೇಕು. ಪ್ರಮಾಣ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಸ್ಟಾಟಿನ್ ಅಲ್ಲದ ಬೇರೆ ಮಾತ್ರೆಗಳೂ ಇವೆ. ನಮ್ಮವರು ಡಾಕ್ಟರಿಗೆ ಹೇಳುವುದಿಲ್ಲ, ಮೇಳದ ಮಳಿಗೆಯವನಿಗೆ ಹೇಳುತ್ತಾರೆ.

ಇನ್ನು ‘ಕೆಮಿಕಲ್’ ಅನ್ನುವ ಬೈಗುಳ. ಸ್ಟಾಟಿನ್ ಎಲ್ಲಿಂದ ಬಂತು ಅಂತ ಆ ಹುಡುಗನಿಗೆ ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲವೇನೋ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ 1973ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಸ್ಟಿನಿಂದ ಮೊದಲ ಸ್ಟಾಟಿನ್ ತೆಗೆದರು. ಆ ಬೂಸ್ಟು ಸಿಕ್ಕಿದ್ದು ಕ್ಯೋಟೊದ ಅಕ್ಕಿ ಅಂಗಡಿಯ ಅಕ್ಕಿಯಲ್ಲಿ. 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕ ಲೋವಾಸ್ಟಾಟಿನ್ ಕೂಡ ಬೂಸ್ಟಿನದ್ದೇ. ಅಟೊರ್ವಸ್ಟಾಟಿನ್ ಲ್ಯಾಬಿನಲ್ಲಿ ಮಾಡಿದ್ದು ಹೌದು, ಆದರೆ ಹಾದಿ ತೋರಿಸಿದ್ದು ಅಕ್ಕಿಯ ಬೂಸ್ಟು. ಅದು ಅಕ್ಕಿಯ ಬೂಸ್ಟು, ಇದು ಮರದ ಅಂಟು, ಎರಡೂ ಪ್ರಕೃತಿಯದ್ದೇ. ವ್ಯತ್ಯಾಸ ಒಂದೇ. ಬೂಸ್ಟಿನಿಂದ ಕೆಲಸ ಮಾಡುವ ವಸ್ತು ಯಾವುದು ಅಂತ ಹುಡುಕಿ, ಶುದ್ಧ ಮಾಡಿ, ಇಷ್ಟು ಮಿಲಿಗ್ರಾಂ ಅಂತ ಅಳತೆ ಕಟ್ಟಿ, ಸಾವಿರಾರು ಜನರ ಮೇಲೆ ನೋಡಿ ಆಮೇಲೆ ಮಾರಿದರು. ಪ್ರೊಪೊಲಿಸ್‌ನಲ್ಲಿ ಆ ಕೆಲಸ ಇನ್ನೂ ಆಗಬೇಕಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಪ್ರೊಪೊಲಿಸ್ ಮಾರುವವರ ಆರೋಗ್ಯದ ಹೇಳಿಕೆಗಳನ್ನು ಒಪ್ಪದೆ ಇದ್ದದ್ದೂ ಇದೇ ಕಾರಣಕ್ಕೆ. ಒಳಗೆ ಏನಿದೆ ಅಂತ ಸರಿಯಾಗಿ ಗೊತ್ತಿಲ್ಲದ ವಸ್ತುವಿಗೆ ಇಂಥ ಪರಿಣಾಮ ಇದೆ ಅಂತ ಹೇಳುವುದು ಹೇಗೆ ಅಂತ.

ಕಲಬೆರಕೆಯೂ ಇದೆ. ಚೀನಾದಲ್ಲಿ ಪಾಪ್ಲರ್ ಮೊಗ್ಗುಗಳನ್ನೇ ಕುದಿಸಿ ಅಂಟು ತೆಗೆದು ಪ್ರೊಪೊಲಿಸ್ ಅಂತ ಮಾರುವುದು ಎಷ್ಟು ಬೆಳೆಯಿತೆಂದರೆ, ಅದನ್ನು ಹಿಡಿಯಲೆಂದೇ ಲ್ಯಾಬ್ ಪರೀಕ್ಷೆಗಳನ್ನು ಹುಟ್ಟುಹಾಕಬೇಕಾಯಿತು. ಒಂದು ಮೆಲ್ಲಿಫೆರಾ ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವುದು ನೂರು ಗ್ರಾಂ ಆಸುಪಾಸು, ಅದರಲ್ಲಿ ಮೇಣ ಕಳೆದರೆ ಇನ್ನೂ ಕಡಿಮೆ. ಮಾರುಕಟ್ಟೆಯಲ್ಲಿ ಕಾಣುವ ಬಾಟಲಿಗಳ ರಾಶಿ ನೋಡಿದರೆ ನನಗಂತೂ ಅಷ್ಟು ಪೆಟ್ಟಿಗೆ ಎಲ್ಲಿದೆ ಅಂತ ಅನುಮಾನ ಬರುತ್ತದೆ. ಇನ್ನು ‘ಪ್ರೊಪೊಲಿಸ್ ಜೇನು’ ಅಂತ ಜೇನಿನಲ್ಲಿ ನಾಲ್ಕು ಹನಿ ಕಲಸಿ ಶುಗರ್ ಇರುವವರಿಗೇ ಮಾರುತ್ತಾರಲ್ಲ, ಅವರಿಗೆ ಏನು ಹೇಳುವುದು. ಜೇನಿನಲ್ಲಿ ಶೇ 80ರಷ್ಟು ಸಕ್ಕರೆಯೇ. ಜೇನು ಮಾರುವ ನಾನೇ ಹೇಳುತ್ತಿದ್ದೇನೆ.

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ನಿಮ್ಮ ಬರಹದಲ್ಲಿತ್ತು. ಅದೂ ಸರಿಯಲ್ಲ. ಪ್ರೊಪೊಲಿಸ್‌ನಿಂದ ಚರ್ಮದ ಅಲರ್ಜಿ ಆಗುವುದು ಜಗತ್ತಿನ ಜೇನು ಸಾಕುವವರಿಗೆಲ್ಲ ಗೊತ್ತಿರುವ ವಿಷಯ. ಕೈ ಕೆಂಪಾಗಿ, ತುರಿಸಿ, ಸಿಪ್ಪೆ ಏಳುತ್ತದೆ. ಬಾಯಿಗೆ ಹಾಕಿದರೆ ತುಟಿ ಊದಿಕೊಳ್ಳುವವರೂ ಇದ್ದಾರೆ. ಹನಿಯ ರೂಪದ್ದನ್ನು ಹೆಚ್ಚಾಗಿ ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ, ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ತೈವಾನಿನಲ್ಲಿ ಒಬ್ಬ ರೋಗಿಗೆ ಪ್ರೊಪೊಲಿಸ್ ತಿಂದು ಕಿಡ್ನಿ ಕೆಲಸ ನಿಲ್ಲಿಸಿದ್ದು, ಬಿಟ್ಟ ಮೇಲೆ ಸುಧಾರಿಸಿದ್ದು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅದು ಅಪರೂಪ, ಎಲ್ಲರಿಗೂ ಹಾಗಾಗುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ತಿನ್ನುವವರು ಡಾಕ್ಟರಿಗೆ ಹೇಳದೆ ಶುರು ಮಾಡಬಾರದು ಅನ್ನುವ ಒಂದು ಸಾಲನ್ನಾದರೂ ನೀವು ಹಾಕಬಹುದಿತ್ತು.

ಇಂಥ ಬಾಟಲಿ ನಮ್ಮಲ್ಲಿ ಯಾಕೆ ಇಷ್ಟು ಖರ್ಚಾಗುತ್ತದೆ ಅಂತ ಯೋಚಿಸಿದರೆ ಉತ್ತರ ಸುಲಭ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಲೆಕ್ಕ ಕೊಟ್ಟಿತು. ಸಕ್ಕರೆ ಕಾಯಿಲೆ ಶೇ 11.4, ಅದರ ಹೊಸ್ತಿಲಲ್ಲಿ ಇರುವವರು ಶೇ 15.3, ಬಿಪಿ ಶೇ 35.5, ಹೊಟ್ಟೆಯ ಬೊಜ್ಜು ಶೇ 39.5, ರಕ್ತದ ಕೊಬ್ಬಿನ ಏನಾದರೂ ಒಂದು ಅಂಕಿ ತಪ್ಪಿದವರು ಶೇ 81.2. ಮನೆಗೊಬ್ಬರಲ್ಲ, ಮನೆಗೆ ಮೂರು ಜನ. ನಮ್ಮವರ ರಿಪೋರ್ಟಿನಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ ಇರುವುದೇ ಹೆಚ್ಚು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿ, ಜೊತೆಗೆ ಬಿಪಿ, ಶುಗರ್ ಹೊಸ್ತಿಲಿಗೆ ಬಂದರೆ ಅದನ್ನೇ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ‘ಎಚ್‌ಡಿಎಲ್ ಏರಿಸುವ ಹನಿ’ ಅಂದರೆ ನಮ್ಮವರಿಗೆ ಕಿವಿ ನಿಮಿರದೆ ಇರುತ್ತದಾ?

ಆದರೆ ಇದರ ಬೇರು ಇರುವುದು ನಮ್ಮ ಊಟದ ತಟ್ಟೆಯಲ್ಲಿ. ಅದೇ ಐಸಿಎಂಆರ್ ಸಮೀಕ್ಷೆಯವರು 2025ರಲ್ಲಿ ಹೇಳಿದ್ದು, ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಅಂತ. ನಮ್ಮ ಕಡೆ ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಗಂಜಿ. ನಾಲ್ಕೂ ಅಕ್ಕಿಯೇ! ಮೊದಲು ತೋಟದಲ್ಲಿ ಮೈಮುರಿದು ದುಡಿಯುತ್ತಿದ್ದರು, ಅರಗುತ್ತಿತ್ತು. ಈಗ ಅಡಿಕೆ ಕೊಯ್ಯಲು ಉದ್ದದ ದೋಟಿ ಬಂದಿದೆ, ಕಳೆ ತೆಗೆಯಲು ಯಂತ್ರ ಬಂದಿದೆ, ತೋಟಕ್ಕೆ ಸ್ಕೂಟರಿನಲ್ಲೇ ಹೋಗುತ್ತೇವೆ. ಅನ್ನ ಒಂದು ಸೌಟು ಕಡಿಮೆ ಮಾಡಿ ಹೆಸರುಕಾಳು, ಹುರುಳಿ, ಬಸಳೆ, ಹರಿವೆ ಜಾಸ್ತಿ ಮಾಡಿದರೆ ಟ್ರೈಗ್ಲಿಸರೈಡ್ ಇಳಿಯುವುದನ್ನು ಮುಂದಿನ ರಿಪೋರ್ಟಿನಲ್ಲೇ ನೋಡಬಹುದು. ಇದನ್ನು ಬಾಟಲಿಯಲ್ಲಿ ತುಂಬಿ ಮಾರಲು ಆಗುವುದಿಲ್ಲವಲ್ಲ, ಅದಕ್ಕೆ ಜಾಹೀರಾತು ಬರುವುದಿಲ್ಲ.

ಜಾಹೀರಾತು ಅಂದಾಗ ಇನ್ನೊಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಸಕ್ಕರೆ ಕಾಯಿಲೆ, ಹೃದ್ರೋಗ, ರಕ್ತದೊತ್ತಡ, ಬೊಜ್ಜು ಇವುಗಳನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದು ಅದರ ಪ್ರಕಾರ ಅಪರಾಧ. ಜಾಹೀರಾತಿನ ಪ್ರಕಟಣೆಯಲ್ಲಿ ಪಾಲು ತೆಗೆದುಕೊಳ್ಳುವವರಿಗೂ ಅದು ಅನ್ವಯಿಸುತ್ತದೆ. ಇನ್ನು ಆಹಾರ ಪೂರಕ ಅಂತ ಮಾರಿದರೆ ಲೇಬಲಿನ ಮೇಲೆ ‘ಔಷಧಿ ಬಳಕೆಗೆ ಅಲ್ಲ’ ಅನ್ನುವ ಅರ್ಥದ ಸಾಲು ಇರಲೇಬೇಕು. ಭಾವನ ಬಾಟಲಿ ತಿರುಗಿಸಿ ನೋಡಿದೆ, ಆ ಸಾಲು ಇತ್ತು. ಇರುವೆ ಗಾತ್ರದ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ಮುಂದೆ ಮಾತ್ರ ಕನ್ನಡದಲ್ಲಿ ದೊಡ್ಡದಾಗಿ ಹೃದಯದ ಚಿತ್ರ. ಒಂದು ಹನಿಯಲ್ಲಿ ಎಷ್ಟು ಮಿಲಿಗ್ರಾಂ ಪ್ರೊಪೊಲಿಸ್ ಇದೆ, ಯಾವ ಮರದ್ದು, ಯಾವ ಜೇನಿನದ್ದು, ಯಾವುದೂ ಇಲ್ಲ. 30 ಎಂಎಲ್‌ಗೆ 850 ರೂಪಾಯಿ ಅನ್ನುವುದು ಮಾತ್ರ ಸ್ಪಷ್ಟವಾಗಿತ್ತು. ಜನೌಷಧಿ ಅಂಗಡಿಯಲ್ಲಿ ಅಟೊರ್ವಸ್ಟಾಟಿನ್ ಒಂದು ಮಾತ್ರೆಗೆ ಒಂದೆರಡು ರೂಪಾಯಿ.

ಪ್ರೊಪೊಲಿಸ್ ಬಗ್ಗೆ ಬರೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಬರೆಯಿರಿ, ನಮ್ಮ ಮುಜಂಟಿ ಬಗ್ಗೆ ಬರೆಯಿರಿ. ಅದರ ಅಂಟನ್ನು ನಮ್ಮ ವಿಶ್ವವಿದ್ಯಾಲಯಗಳ ಲ್ಯಾಬುಗಳು ತೆಗೆದುಕೊಂಡು ಯಾವ ಕಾಲದಲ್ಲಿ ಯಾವ ಮರದ್ದು, ಅದರೊಳಗೆ ಏನಿದೆ, ಮನುಷ್ಯರಿಗೆ ಎಷ್ಟು ಕೊಡಬಹುದು ಅಂತ ವರ್ಷಗಟ್ಟಲೆ ಕೆಲಸ ಮಾಡಿದರೆ ನಮ್ಮಂಥವರಿಗೂ ನಾಲ್ಕು ಕಾಸು ಸಿಗಬಹುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಕಾಯಿಲೆ ಬಂದು ತುಡುವೆ ಕುಟುಂಬಗಳು ಊರೂರೇ ಖಾಲಿ ಆದದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ಆ ಮೇಲೆ ಕಷ್ಟಪಟ್ಟು ಪುನಃ ಕಟ್ಟಿದ ಕಸುಬು ಇದು. ಕರಾವಳಿ, ಕೊಡಗು, ಶಿರಸಿ ಕಡೆಯ ಜೇನು ಅಂದರೆ ಜನ ಇವತ್ತಿಗೂ ನಂಬಿ ಕೊಳ್ಳುತ್ತಾರೆ. ಸುಳ್ಳು ಲೇಬಲಿನ ಬಾಟಲಿ ನಂಬಿ ಒಬ್ಬನಿಗೆ ಹೃದಯಾಘಾತ ಆದರೆ ಜನ ನಾಳೆ ನಮ್ಮ ಜೇನನ್ನೂ ಅನುಮಾನದಿಂದ ನೋಡುತ್ತಾರೆ. ನನ್ನ ಸ್ವಾರ್ಥವೂ ಇದರಲ್ಲಿ ಇದೆ ಅಂತಿಟ್ಟುಕೊಳ್ಳಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಪುರವಣಿಯಲ್ಲಿ ಆ ಬರಹಕ್ಕೆ ಒಂದು ಸ್ಪಷ್ಟನೆ ಹಾಕಿ. ಕೊಲೆಸ್ಟ್ರಾಲ್ ಮಾತ್ರೆ, ಶುಗರ್ ಮಾತ್ರೆ ತಿನ್ನುವವರು ಪ್ರೊಪೊಲಿಸ್ ನಂಬಿ ಅದನ್ನು ನಿಲ್ಲಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಬರಲಿ. ಸಾಧ್ಯವಾದರೆ ಒಬ್ಬ ಹೃದ್ರೋಗ ವೈದ್ಯರಿಂದಲೇ ಬರೆಸಿ. ಇನ್ನು ಮುಂದೆ ‘ಅಧ್ಯಯನ ಹೇಳಿದೆ’ ಅಂತ ಬರೆಯುವಾಗ ಎಷ್ಟು ಜನ, ಎಷ್ಟು ದಿನ, ಎಷ್ಟು ಪ್ರಮಾಣ, ಇಲಿಯೋ ಮನುಷ್ಯನೋ ಅನ್ನುವುದನ್ನು ಲೇಖಕರಿಂದ ಕೇಳಿ ಹಾಕಿಸಿ. ಭಾವ ಈಗ ಮಾತ್ರೆಗೆ ವಾಪಸ್ ಬಂದಿದ್ದಾರೆ, ಡಾಕ್ಟರು ಬೇರೆ ಸ್ಟಾಟಿನ್ ಕೊಟ್ಟಿದ್ದಾರೆ, ಕಾಲು ನೋವು ಸ್ವಲ್ಪ ಇದ್ದೇ ಇದೆ, ಮೂಳೆ ಡಾಕ್ಟರಿಗೆ ತೋರಿಸಿದಾಗ ಮಂಡಿ ಸವೆದಿದೆ ಅಂದರು. ಜಾಹೀರಾತಿನ ತುಣುಕು ಮತ್ತು ಬಾಟಲಿಯ ಎರಡೂ ಬದಿಯ ಫೋಟೊ ಈ ಪತ್ರದ ಜೊತೆ ಇಟ್ಟಿದ್ದೇನೆ.

ಒಬ್ಬ ಜೇನು ಕೃಷಿಕ, ಪುತ್ತೂರು ತಾಲ್ಲೂಕು